ಕತ್ತೆ ಹೋದ ವರ್ಷದ ನೀರು

ಒಮಾನಿನ ಇಬ್ರಾದಲ್ಲಿ ನಮ್ಮ ಬಾಡಿಗೆ ಮನೆಯ ಮಾಲೀಕರಾದ ಅರಬ್ ಅಜ್ಜನಿಗೆ ಇಸವಿಗಳ ಗೊಡವೆಯೇ ಇಲ್ಲ. ಮನೆಯ ಹಿಂದೆ ಒಂದು ವಾದಿ ಇದೆ. ವಾದಿ ಅಂದರೆ ಒಣಗಿದ ಹೊಳೆ, ಬರೀ ಕಲ್ಲು ಮತ್ತು ಮರಳು. ಅದರಲ್ಲಿ ನೀರು ಬಂದದ್ದು ಯಾವಾಗ ಎಂದು ಕೇಳಿದರೆ, ಆಗ ಏನು ಕೊಚ್ಚಿಕೊಂಡು ಹೋಯಿತು ಎಂದು ಹೇಳುತ್ತಾರೆ. ಕತ್ತೆ ಹೋದ ವರ್ಷ. ಮಾವನ ಮನೆಯ ಬಾಗಿಲು ಹೋದ ವರ್ಷ. ದಡದ ಹಳೇ ಮಣ್ಣಿನ ಗೋಡೆಗೆ ಕೈಯಿಟ್ಟು, ಕತ್ತೆಯ ನೀರು ಇಲ್ಲಿಯವರೆಗೆ, ಬಾಗಿಲಿನ ನೀರು ಅದಕ್ಕೂ ಮೇಲೆ, ಎಂದು ತೋರಿಸುತ್ತಾರೆ. ಈ ಊರಿನ ಭೂಗೋಳ, ಚರಿತ್ರೆ ಎರಡೂ ಆ ಗೋಡೆಯ ಮೇಲಿವೆ.

ನನ್ನ ಗಂಡ ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳುವ ಪೈಕಿಯಲ್ಲ. ನಾವು ಉಡುಪಿ ಕಡೆಯವರು. ಮಳೆಯ ವಿಷಯದಲ್ಲಿ ಬೇರೆಯವರಿಂದ ಪಾಠ ಹೇಳಿಸಿಕೊಂಡು ಅಭ್ಯಾಸವಿಲ್ಲ. ಆರನೇ ಸಲಕ್ಕೆ ಡ್ರೈವಿಂಗ್ ಟೆಸ್ಟ್ ಪಾಸಾಗಿ ಅವರು ಒಂದು ಹಳೇ ಬಿಳಿ ಕಾರು ತಂದರು. ಅಲ್ಲಿಯವರೆಗೆ ಶುಕ್ರವಾರದ ಬಲಿಪೂಜೆಗೆ ಮಸ್ಕತ್‌ನ ಚರ್ಚಿಗೆ ಹೋಗಬೇಕಾದರೆ ಯಾರದೋ ಗಾಡಿಯ ಹಿಂದಿನ ಸೀಟೇ ಗತಿ. ಅಲ್ಲೇ ಅಲ್ ಅಜೈಬಾದಲ್ಲಿರುವ ಅಕ್ಕನ ಮನೆ ಮುಂದೆ ನಮ್ಮದೇ ಕಾರಿನಿಂದ ಇಳಿಯುವ ಆಸೆ ನನಗೂ ಬಹಳ ಇತ್ತು, ಸುಳ್ಳು ಯಾಕೆ ಹೇಳಲಿ.

ಬಿಸಿಲಿಗೆ ಬಣ್ಣ ಮಾಸಬಾರದೆಂದು ಗಂಡ ಕಾರನ್ನು ವಾದಿಯ ನಡುವಿನ ಮುಳ್ಳುಮರದ ನೆರಳಲ್ಲಿ ನಿಲ್ಲಿಸತೊಡಗಿದರು.

“ರಫೀಕ್, ಗಾಡಿ ಇಧರ್ ನಹೀ,” ಎಂದರು ಅಜ್ಜ. “ವಾದಿ ಆಯೇಗಾ, ಪಾನಿ ಆಯೇಗಾ.” ಅವರಿಗೆ ಇಂಡಿಯಾದ ಗಂಡಸರೆಲ್ಲ ರಫೀಕ್, ಅಂದರೆ ಗೆಳೆಯ.

ಗಂಡ ಆಕಾಶ ನೋಡಿದರು. ಒಂದು ತುಣುಕು ಮೋಡವಿಲ್ಲ. “ಇವರು ನಮಗೆ ಮಳೆ ಕಲಿಸುದಾ ಮಾರಾಯ್ತಿ?” ಎಂದರು ನನಗೆ. ಅಜ್ಜ ದೂರದ ಗುಡ್ಡಗಳ ಕಡೆ ಬೆರಳು ತೋರಿಸಿದರು. ಗಂಡ ಗುಡ್ಡಗಳನ್ನು ನೋಡಿ, ಚೆನ್ನಾಗಿವೆ ಎಂದು ತಲೆಯಾಡಿಸಿದರು.

ಮೂರು ವಾರ ಕಳೆದು ಒಂದು ಮಧ್ಯಾಹ್ನ ನಾನು ಸುಡುವ ಬಿಸಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಲಾರಿಯಂಥ ಸದ್ದು ಕೇಳಿತು. ರಸ್ತೆಯಲ್ಲಿ ಲಾರಿ ಇರಲಿಲ್ಲ. ಮಳೆ ಆ ಗುಡ್ಡಗಳಲ್ಲೇ ಸುರಿದು ಮುಗಿದಿತ್ತು. ನಮ್ಮಲ್ಲಿಗೆ ಬಂದದ್ದು ನೀರು ಮಾತ್ರ, ಕೆಸರು ಬಣ್ಣದ್ದು, ಮುಳ್ಳುಕಂಟಿ ಹೊತ್ತುಕೊಂಡು. ಗಂಡ ಊಟದ ಕೈಯಲ್ಲೇ ಕೀ ಹಿಡಿದು ಓಡಿದರು. ಅಷ್ಟು ಸಪೂರದ ಅಜ್ಜ ಹಿಂದಿನಿಂದ ಅವರ ಅಂಗಿ ಹಿಡಿದೆಳೆದು, “ಖಲಾಸ್, ಖಲಾಸ್,” ಎಂದು ದಡದಲ್ಲೇ ನಿಲ್ಲಿಸಿದರು. ಕಾರು ಒಮ್ಮೆ ತಿರುಗಿ ನಮ್ಮ ಕಡೆ ಮುಖ ಮಾಡಿ ಹೋಯಿತು. ನಾನು ಕ್ಲಿಪ್ಪುಗಳನ್ನು ಹಿಡಿದುಕೊಂಡೇ ಅತ್ತೆ. ಯಾಕೋ ಗೊತ್ತಿಲ್ಲ, ಗಂಡ ರಿಮೋಟ್ ಒತ್ತಿ ಅದನ್ನು ಲಾಕ್ ಮಾಡಿದರು.

ಶುಕ್ರವಾರಗಳಿಗೆ ಮತ್ತೆ ಹಿಂದಿನ ಸೀಟು ಬಂತು. ಆದರೆ ಅಜ್ಜ, ಹೇಳಿರಲಿಲ್ಲವಾ ಎಂದು ಒಂದು ಸಲವೂ ಚುಚ್ಚಲಿಲ್ಲ. ಅವರು ಹಿಡಿದೆಳೆದ ಅಂಗಿಯನ್ನು ನಾನು ಇನ್ನೂ ಎಸೆದಿಲ್ಲ.

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಒಂದು ಬ್ಯಾರಿ ಕುಟುಂಬ ಬಾಡಿಗೆಗೆ ಬಂತು. ಅಜ್ಜ ಅವರನ್ನು ಗೋಡೆಯ ಹತ್ತಿರ ಕರೆದೊಯ್ದು, ಕತ್ತೆಯ ನೀರು, ಬಾಗಿಲಿನ ನೀರು ತೋರಿಸಿ, ಕತ್ತೆಗಿಂತ ಸ್ವಲ್ಪ ಕೆಳಗೆ ಕೈಯಿಟ್ಟರು. “ಇದು ನಮ್ಮ ರಫೀಕನ ಕಾರು ಹೋದ ವರ್ಷ.”

ಎರಡು ವರ್ಷಕ್ಕೊಮ್ಮೆ ವೀಸಾಕ್ಕಾಗಿ ಕಫೀಲನ, ಅಂದರೆ ನಮಗೆ ಜಾಮೀನು ನಿಂತ ಅರಬನ, ಮುಖ ನೋಡುವ ನಾವು ಆ ಗೋಡೆಯ ಮೇಲೆ ಕಾಯಂ ಆಗಿಬಿಟ್ಟಿದ್ದೆವು. ಗಂಡ ಮುಂದೆ ಹೋಗಿ ಅಜ್ಜನ ಕೈಯನ್ನು ನಾಲ್ಕು ಬೆರಳು ಮೇಲಕ್ಕೆ ಸರಿಸಿದರು.

“ಅಷ್ಟು ಕಡಿಮೆ ಏನಲ್ಲ,” ಎಂದರು ಹೊಸಬರಿಗೆ. “ಕತ್ತೆಯದ್ದಕ್ಕಿಂತ ಜಾಸ್ತಿಯೇ ಇತ್ತು.”