ಧಣಿಯ ಬದಲಿಗೆ ಕಲಿತವನು

ಗಣಿಯ ಹಣ ಕೆಂಪು ಧೂಳಿನ ಜೊತೆಗೇ ಬಳ್ಳಾರಿಗೆ ಬಂದು ಬೀಳುತ್ತಿದ್ದ ಕಾಲದಲ್ಲಿ ನಾನು ದೊಡ್ಡವರಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಿದ್ದೆ. ಮೊದಲು ಬ್ರೂಸ್‌ಪೇಟೆಯಲ್ಲಿ, ಒಂದು ಬಳೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಬಳೆಗೆ ಮಾಡಿದ ಚೌಕಾಸಿಯನ್ನೇ ಜನ ಮೆಟ್ಟಿಲು ಹತ್ತಿ ಬಂದು ಇಂಗ್ಲಿಷಿಗೂ ಮಾಡುತ್ತಿದ್ದರು. ಅದೇ ಬೋರ್ಡು, ಅದೇ ಬೆಂಚುಗಳನ್ನು ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಿಂದಿನ ಕೋಣೆಗೆ ಸಾಗಿಸಿ ಶುಲ್ಕ ಎರಡರಷ್ಟು ಮಾಡಿದೆ. ಅಲ್ಲಿ ಯಾರೂ ಚೌಕಾಸಿಗೆ ಇಳಿಯಲಿಲ್ಲ. ಇಂಗ್ಲಿಷ್ ಕಲಿಸಿ ಬದುಕಬೇಕೆನ್ನುವವರಿಗೆ ಇವತ್ತಿಗೂ ನಾನು ಹೇಳುವುದಿಷ್ಟೇ: ಮೊದಲು ವಿಳಾಸ ನೋಡಿಕೊಳ್ಳಿ, ವ್ಯಾಕರಣ ಆಮೇಲೆ. ನನ್ನ ವ್ಯಾಕರಣವಾದರೂ ಹತ್ತಿ ಕಾರ್ಖಾನೆಯಲ್ಲಿ ವ್ಯಾಪಾರದ ಪತ್ರ ಟೈಪು ಮಾಡುತ್ತ ಬಂದದ್ದು. ಬಹಳ ದಿನ ‘ಡಿಯರ್ ಸರ್’ ಎನ್ನದೆ ನನಗೆ ಮಾತೇ ಹೊರಡುತ್ತಿರಲಿಲ್ಲ.

ಆ ಬಂಗಲೆಗೆ ಒಂದು ದಿನ ಕುರುಗೋಡು ಕಡೆಯ ಧಣಿಯೊಬ್ಬ ಬಂದ. ಕೆಲವೇ ವರ್ಷದ ಹಿಂದೆ ಬಾದನಹಟ್ಟಿಯಲ್ಲಿ ಮೆಣಸಿನಕಾಯಿ ಬೆಳೆಯುತ್ತಿದ್ದವನು, ಈಗ ಅದಿರು ಸಾಗಿಸುವ ಲಾರಿಗಳ ಮಾಲೀಕ. ಎರಡು ದಿನ ಬೆಂಚಿನ ಮೇಲೆ ಕುಳಿತ. ಎರಡೂ ದಿನ ಅವನಿಗಿಂತ ಅವನ ಫೋನೇ ಹೆಚ್ಚು ಮಾತಾಡಿತು. ಮೂರನೆಯ ದಿನ ತನ್ನ ಡ್ರೈವರನ್ನು ತಂದು ನನ್ನೆದುರು ನಿಲ್ಲಿಸಿದ.

“ನಂಗ ಪುರುಸೊತ್ತಿಲ್ಲ ಸರ. ಇವ ಕುಂದರ್ತಾನ.”

“ಕಲಿಯೋರು ನೀವಲ್ಲೇನ್ರಿ?”

“ಇವ ಕಲತ್ರ ನಾ ಕಲತಂಗ. ಆರ್‌ಟಿಓ ಆಫೀಸಿಗೆ ಇವನ್ನ ಕಳಸ್ತೀನಿ, ಮದಿವಿಗೆ ಮುಯ್ಯಿ ಮಾಡಾಕ ಇವನ್ನ ಕಳಸ್ತೀನಿ. ಯಾರರ ಸತ್ರ ಮಣ್ಣಿಗೂ ಇವನ ಹೋಗ್ತಾನ. ಇಲ್ಲೀತನಕ ಯಾರ ಏನ ಅಂದಾರ?”

ಆಗಿನ ರೀತಿಯೇ ಹಾಗಿತ್ತು. ಎಷ್ಟು ಕಡೆ ತಾನು ಹೋಗುವುದಿಲ್ಲವೋ ಅಷ್ಟು ದೊಡ್ಡ ಮನುಷ್ಯ. ಕೈಗೆ ಬಂದ ಗಿರಾಕಿಯ ಜೊತೆ ವಾದ ಮಾಡಬಾರದು. ಬದಲಿ ಆಳಿಗೆ ಒಂದೂವರೆ ಪಟ್ಟು ಶುಲ್ಕ ಎಂದೆ, ಒಪ್ಪಿದ. ತನ್ನ ಗೆಳೆಯರಿಗೂ ಹೇಳಿದ. ತಿಂಗಳೊಳಗೆ ನನ್ನ ಅರ್ಧ ಬೆಂಚುಗಳ ಮೇಲೆ ಧಣಿಗಳ ಡ್ರೈವರುಗಳು, ಗುಮಾಸ್ತರು, ಒಬ್ಬ ಧಣಿಯ ಭಾವಮೈದ. ನಿಜ ಹೇಳಬೇಕೆಂದರೆ ಅಷ್ಟು ಚೆನ್ನಾಗಿ ಮನೆಪಾಠ ಮಾಡಿಕೊಂಡು ಬಂದವರನ್ನು ನಾನು ಮತ್ತೆ ಕಾಣಲಿಲ್ಲ.

ಈ ಡ್ರೈವರು ಸಿರುಗುಪ್ಪದವನು, ಐವತ್ತು ದಾಟಿದವನು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಲಾರಿ ನಿಲ್ಲುವ ಕಡೆ ತೆಲುಗು. ನಾಲ್ಕನೆಯ ಭಾಷೆ ಅವನಿಗೆ ಹೊಸ ರಸ್ತೆಯಿದ್ದ ಹಾಗೆ. ತಿರುವು ಎಲ್ಲೆಲ್ಲಿ ಎಂದು ಕೇಳಿಕೊಂಡು ಹೊರಟೇಬಿಟ್ಟ. ಕಲಿತದ್ದನ್ನು ಕಾರಿನಲ್ಲಿ ಧಣಿಗೆ ಒಪ್ಪಿಸಬೇಕೆಂದು ಕರಾರು.

“ಧಣ್ಯಾರು ಎಲ್ಲೀತನಕ ಬಂದಾರ?” ಎಂದು ಒಮ್ಮೆ ಕೇಳಿದೆ.

“ಅವರು ಹಿಂದಿನ ಸೀಟಿನ್ಯಾಗ ಮಲಗಿಬಿಡ್ತಾರ ಸರ. ನಾ ಕನ್ನಡಿ ನೋಡ್ಕೋತ ಪಾಠ ಹೇಳ್ತೀನಿ. ಕನ್ನಡಿ ಚಲೋ ಕಲ್ತೈತಿ.”

ಆರು ತಿಂಗಳಾದ ಮೇಲೆ ಒಂದು ದಿನ ಪಾಠ ಮುಗಿದರೂ ಅವನು ಏಳಲಿಲ್ಲ. ಕಣ್ಣು ಮಂಜಾಗುತ್ತಿದೆ ಎಂದ. ಎದುರಿನ ಲಾರಿಯ ದೀಪ ಬಿದ್ದರೆ ರಸ್ತೆ ಪೂರ್ತಿ ಬೆಳ್ಳಗಾಗುತ್ತದಂತೆ. ಧಣಿಗೆ ಇನ್ನೂ ಹೇಳಿಲ್ಲ. ಊರಾಚೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಬಂದುಹೋಗುವ ಲಾರಿಗಳನ್ನು ಬರೆದುಕೊಳ್ಳಲು ಇಂಗ್ಲಿಷ್ ಬಲ್ಲವನೊಬ್ಬ ಬೇಕಾಗಿದ್ದ.

“ಕುಂತು ಮಾಡೋ ಕೆಲಸ ಸರ. ಇನ್ನೊಂದ ವರ್ಷ ಗಾಡಿ ಹೊಡದ್ರ ನಾ ಯಾರನ್ನರ ಕೊಲ್ತೀನಿ. ನನ್ನ ಹೆಸರಿಗೊಂದು ಸರ್ಟಿಫಿಕೇಟ್ ಕೊಡ್ರಿ.”

ದಾಖಲಾತಿ ಇದ್ದದ್ದು ಧಣಿಯ ಹೆಸರಿನಲ್ಲಿ. ಕೆಲಸದ ಸುದ್ದಿ ಎತ್ತದೆ, ಇಬ್ಬರಿಗೂ ಒಂದೊಂದು ಕೊಟ್ಟರಾಯಿತಲ್ಲ ಎಂದು ಧಣಿಯನ್ನು ಕೇಳಿ ನೋಡಿದೆ.

“ನನ್ನ ಡ್ರೈವರ್‌ಗೂ ಅದ ಕಾಗದ, ನಂಗೂ ಅದ ಕಾಗದ ಅಂದ್ರ ನಾ ಅದನ್ನ ಗ್ವಾಡಿಗೆ ಹಾಕಿ ಏನ ಮಾಡ್ಲಿ? ಅವಗೂ ಕೊಟ್ರ ನಾ ಕಳಿಸಿದ ಮಂದಿ ಯಾರೂ ನಾಳಿಂದ ಬರಂಗಿಲ್ಲ ನೋಡ್ರಿ.”

ಅರ್ಧ ಬೆಂಚುಗಳ ಮಾತು. ಧಣಿಯ ಹೆಸರನ್ನೇ ಬಂಗಾರದ ಬಣ್ಣದಲ್ಲಿ ಬರೆಸಿದೆ. ಡ್ರೈವರಿಗೆ ಸಲಹೆ ಕೊಟ್ಟೆ: ಕಾಗದವಿಲ್ಲದೆಯೇ ಹೋಗಿ, ಬಾಯಿ ಬಿಟ್ಟು ಮಾತಾಡಿ, ಕೇಳಿದರೆ ನನ್ನ ಫೋನ್ ನಂಬರು ಕೊಡಿ.

“ನಂಬರ್ ಪುಕ್ಕಟ ಐತಲ್ಲ ಸರ,” ಎಂದಷ್ಟೇ ಹೇಳಿ ಎದ್ದುಹೋದ. ನಾನು ಬಹಳ ಜನರ ಕೈಯಲ್ಲಿ ಬೈಸಿಕೊಂಡಿದ್ದೇನೆ. ಅಷ್ಟು ಮೆತ್ತಗೆ ಯಾರೂ ಬೈದಿರಲಿಲ್ಲ.

ಮುಂದಿನ ವಾರ ಧಣಿ ಸರ್ಟಿಫಿಕೇಟ್ ಒಯ್ಯಲು ತಾನೇ ಬಂದ. “ಇವತ್ತ ಡ್ರೈವರ್ ರಜಾ ಹಾಕ್ಯಾನ್ರಿ, ನಾನ ಗಾಡಿ ಹೊಡಕೊಂಡ ಬಂದೆ,” ಎಂದು ಗೊಣಗುತ್ತ, ಗಾಜು ಹಾಕಿಸಿದ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದ. ಆಗಲೇ ಕಾರ್ಖಾನೆಯ ಅಧಿಕಾರಿಯ ಫೋನು ಬಂತು. ಎದುರಿಗೊಬ್ಬ ಕುಳಿತಿದ್ದಾನೆ, ನಿಮ್ಮಲ್ಲಿ ಕಲಿತೆ ಅನ್ನುತ್ತಾನೆ, ಕಾಗದವಿಲ್ಲ, ನಿಜವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಧಣಿ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದ. ಆದರೆ ನನ್ನ ಸರ್ಟಿಫಿಕೇಟ್ ಪಡೆದವನ ಎದುರು ಇಂಗ್ಲಿಷಿನಲ್ಲಿ ಆಡಿದ ಗುಟ್ಟಿಗಿಂತ ಭದ್ರವಾದ ಗುಟ್ಟು ಇಡೀ ಬಳ್ಳಾರಿಯಲ್ಲಿ ಇರಲಿಲ್ಲ. ಗಟ್ಟಿಯಾಗಿಯೇ ಹೇಳಿದೆ: ಆರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ, ನನ್ನ ಬೆಸ್ಟ್ ಸ್ಟೂಡೆಂಟ್ ಅವನೇ, ಅವನ ಕಾಗದ ಇನ್ನೊಬ್ಬರ ಹೆಸರಿಗೆ ಹೋಗಿದೆ, ತಪ್ಪು ನನ್ನದು.

‘ಬೆಸ್ಟ್ ಸ್ಟೂಡೆಂಟ್’ ಎಂಬುದಷ್ಟೇ ಧಣಿಯ ಕಿವಿಗೆ ಹತ್ತಿತು. ನೆಟ್ಟಗೆ ಕುಳಿತು ಕಾಲರ್ ಸರಿಮಾಡಿಕೊಂಡ.

“ನನ್ನ ಬಗ್ಗೆ ಏನ್ ಸರ?”

“ನಿಮ್ಮ ಕಡೆಯವರ ಬಗ್ಗೇನ ರೀ.”

ಹದಿನೈದು ದಿನಕ್ಕೆ ಮತ್ತೆ ಬಂದ. ಜೊತೆಗೆ ಹೊಸ ಡ್ರೈವರು.

“ಅವ ನನ್ನ ಇಂಗ್ಲಿಷ್ ಎಲ್ಲಾ ಹೊತಗೊಂಡು ಹೋಗಿ ಗೇಟಿನ್ಯಾಗ ಕುಂತಾನ್ರಿ ಸರ. ನನ್ನ ಲಾರಿ ಹೋದ್ರ ನನ್ನ ಇಂಗ್ಲಿಷ್‌ಲೆ ತಡೀತಾನ. ಇನ್ನ ಇವಗ ಮೊದಲಿಂದ ಕಲಸ್ರಿ.”

ಹೊಸ ದಾಖಲಾತಿ ಆಗುತ್ತದೆ, ಪೂರ್ತಿ ಶುಲ್ಕ ಎಂದೆ.

“ನಂದು ಆಗಲೇ ಪಾಸಾಗೇತಲ್ರಿ. ಸರ್ಟಿಫಿಕೇಟ್ ಇದ್ದವರಿಗೆ ಏನರ ಕಮ್ಮಿ ಮಾಡ್ರಿ.”

ಮಾಡಲಿಲ್ಲ.