ನಿಶಾನಿ ಕೋಲಿನ ಬುಡ

"ಆ ಬಟ್ಟಿ ಬಿಚ್ಚೋ ತಮ್ಮಾ," ಎಂದು ಪಂಚರಾಗಿ ಕುಳಿತಿದ್ದ ಮುದುಕರೊಬ್ಬರು ಹೇಳಿದಾಗ ನಾನು ಬಟ್ಟೆ ಸುತ್ತಿದ ಕೋಲಿನ ಬುಡವನ್ನು ಬಿಗಿಯಾಗಿ ಹಿಡಿದೆ.

ಸ್ವಾತಂತ್ರ್ಯಕ್ಕೂ ಮುಂಚೆ ಹುಕ್ಕೇರಿಯಲ್ಲಿ ಕರಡಿ ಎಂಬ ಚರ್ಮವಾದ್ಯದ ಮೇಳಗಳ ಪಂದ್ಯ ನಡೆದಿತ್ತು. ಮೇಲವಂಕಿ ಮೇಳದ ಮುಂದೆ ಉದ್ದ ಕೋಲಿನ ಬಾವುಟವಾದ ನಿಶಾನಿ ಹಿಡಿದು ಕುಣಿಯುವವನು ನಾನು. ಗೆದ್ದ ನಿಶಾನಿಯ ತುದಿಗೆ ಬೆಳ್ಳಿ ಗೆಜ್ಜೆ ಕಟ್ಟುತ್ತಿದ್ದರು. ನಮ್ಮ ಕೋಲಿಗಿದ್ದದ್ದು ತೀರಿಹೋದ ನಮ್ಮಪ್ಪ ಗೆದ್ದ ಗೆಜ್ಜೆ.

"ಗೆದ್ದದ್ದಲ್ರಿ ಇದು, ಬೆಳ್ಳಿ ಕೆಲಸದ ಪತ್ತಾರನ ಕಡೆ ಮಾಡಿಸ್ಯಾರ," ಎಂದು ಅಂಕಲಗಿ ಮೇಳದವರು ತಕರಾರು ತೆಗೆದರು. ಗೆಜ್ಜೆ ಸುಳ್ಳೆಂದಾದರೆ ಕೋಲನ್ನು ಎಲ್ಲರೆದುರೇ ಮುರಿಯುತ್ತಿದ್ದರು. ಹೇಗೆ ಗೆದ್ದೆನೆಂದು ಅಪ್ಪ ಎಂದೂ ಹೇಳಿರಲಿಲ್ಲ. ಕೋಲಿನ ಬುಡಕ್ಕೆ ತಾನೇ ಬಟ್ಟೆ ಸುತ್ತಿ, ಬಿಚ್ಚಬೇಡ ಎಂದಿದ್ದ. ಅವರು ಹೇಳಿದ್ದೇ ನಿಜವಾಗಿದ್ದರೆ?

ಬಿಚ್ಚಿದೆ. ಕಟ್ಟಿಗೆಯಲ್ಲಿ ಹಲ್ಲಿನ ಗುರುತುಗಳು ಸಾಲಾಗಿ ಇಳಿದಿದ್ದವು. ಒಂದು ಗುಳಿಯಲ್ಲಿ ಮುರಿದ ಹಲ್ಲಿನ ಚೂರೇ ಸಿಕ್ಕಿಕೊಂಡಿತ್ತು.

ಮುದುಕರು ಅದನ್ನು ಬೆರಳಿನಿಂದ ಸವರಿದರು. "ಈ ಗೆಜ್ಜಿ ಗೆದ್ದ ದಿನ ಕರಡಿ ಬಾರಿಸಿದಾಂವ ನಾನ. ನಿಮ್ಮಪ್ಪ ಕೋಲನ್ನ ಹಲ್ಲಾಗ ಕಚ್ಚಿ ಎತ್ತಿ ನಿಂತಿದ್ದ. ಹಲ್ಲ ಮುರೀತು, ನಿಶಾನಿ ಕೆಳಗ ಬೀಳಲಿಲ್ಲ. ಗೆಜ್ಜಿ ಖರೆ ಐತಿ." ಆಮೇಲೆ ನನ್ನ ಮುಖ ನೋಡಿದರು. "ಈಗ ನಿನ್ನ ಪಾಳಿ."

ಅಪ್ಪ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಅವತ್ತು ನಾನು ಕೋಲನ್ನು ಕೈಯಲ್ಲೇ ಹಿಡಿದು ಕುಣಿದೆ, ಗೆಲ್ಲಲಿಲ್ಲ. ಈಗಲೂ ಎಲ್ಲಾದರೂ ಕರಡಿಯ ಸದ್ದು ಕೇಳಿದರೆ ನನ್ನ ನಾಲಿಗೆ ತಾನಾಗಿ ಮುಂದಿನ ಹಲ್ಲುಗಳನ್ನು ಮುಟ್ಟಿ ನೋಡುತ್ತದೆ.