ಐಸ್ ಡಬ್ಬಿ ತಂದ ಭಾವ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಕೈ ತೊಳೆಯದೆ ತನ್ನ ತಟ್ಟೆಗಳನ್ನು ಮುಟ್ಟಿದರೆ ಸಾಕು, ವಿಜ್ಞಾನಿಯೆಂದೂ ನೋಡದೆ ಜಾಡಿಸುತ್ತಿದ್ದಳು. ಆ ತಟ್ಟೆಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಕುವುದು ಅವಳ ಕೆಲಸ. ಔಷಧದ ಹೊಡೆತಕ್ಕೆ ಅವುಗಳಲ್ಲಿ ಕೆಲವು ಮುದಿಯಾಗುತ್ತವೆ. ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ, ಸುಮ್ಮನೆ ಕೂತು ಅಕ್ಕಪಕ್ಕದವನ್ನು ಕೆಡಿಸುತ್ತವೆ. ಅಂಥ ಮುದಿಕೋಶಗಳನ್ನೇ ಕೊಲ್ಲುವ ಹೊಸ ರಾಸಾಯನಿಕವೊಂದನ್ನು ಅಲ್ಲಿ ಪರೀಕ್ಷಿಸುತ್ತಿದ್ದರು. ಇನ್ನೂ ಒಂದು ಇಲಿಗೂ ಕೊಟ್ಟಿರಲಿಲ್ಲ. ಆದರೂ ನಿರ್ದೇಶಕರು ಪತ್ರಿಕೆಯವರನ್ನು ಕರೆಸಿ, ಕ್ಯಾನ್ಸರಿಗೆ ಮದ್ದು ಸಿಕ್ಕಿತೆಂದು ಡಂಗುರ ಸಾರಿದ್ದರು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಲ್ಲ!" ಎಂದು ಅವಳು ಕುದಿಯುತ್ತಿದ್ದಳು.

ಸುದ್ದಿ ಅಚ್ಚಾದ ಮರುದಿನ ಗೇಟಿನಲ್ಲಿ ಅವಳ ಭಾವ ನಿಂತಿದ್ದರು, ಕೈಯಲ್ಲಿ ಐಸ್ ತುಂಬಿದ ಡಬ್ಬಿ. ಅವಳ ಅಕ್ಕನಿಗೆ ಕೀಮೋ ನಡೆಯುತ್ತಿತ್ತು.

"ಒಂದು ಚಿಕ್ಕ ಸೀಸೆ ಸಾಕಮ್ಮ. ಕೆಡದ ಹಾಗೆ ತಗೊಂಡು ಹೋಗ್ತೀನಿ."

ಅವಳಿಗೆ ಪಿತ್ತ ನೆತ್ತಿಗೇರಿತು. "ತಲೆ ಕೆಟ್ಟಿದೆಯಾ ಭಾವ? ಅದು ಔಷಧಿ ಅಲ್ಲ!"

"ಕೋಶ ಸಾಯುತ್ತಂತಲ್ಲ?"

"ತಟ್ಟೆಗೆ ಬ್ಲೀಚ್ ಸುರಿದ್ರೂ ಸಾಯುತ್ತೆ. ಅಕ್ಕನಿಗೆ ಬ್ಲೀಚ್ ಕುಡಿಸ್ತೀರಾ? ಆ ಪೇಪರಿನವರ ಬಾಯಿಗೆ ಮಣ್ಣು ಹಾಕ! ಯಾವ ಬುದ್ಧಿಗೇಡಿ ಅದನ್ನ ನಂಬಿದ್ದು?"

ಭಾವ ಜೇಬಿನಿಂದ ಪತ್ರಿಕೆಯ ತುಂಡು ತೆಗೆದರು. ಅದರ ಫೋಟೋದಲ್ಲಿ ಅವಳೇ ಇದ್ದಳು. ಫೋಟೋಗ್ರಾಫರ್ ಹೇಳಿದಂತೆ ತಟ್ಟೆಯನ್ನು ಎತ್ತಿ ಹಿಡಿದು, ಹಲ್ಲು ಕಾಣುವಂತೆ ನಗುತ್ತಿದ್ದಳು.

"ಪೇಪರಲ್ಲಿ ಬರೆದಿದ್ದನ್ನ ನಿಮ್ಮಕ್ಕ ನಂಬ್ಲಿಲ್ಲಮ್ಮ," ಎಂದರು ಭಾವ. "ನೀನು ನಗ್ತಿರೋದು ನೋಡಿ ನಂಬಿದ್ಳು."